ಮಗಳನ್ನು ಯಾವ ಹೈಸ್ಕೂಲಿಗೆ ಸೇರಿಸೋದು? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವಸರದಲ್ಲಿ ಏನೋ ಒಂದು ಹೇಳುವುದು ಬೇಡ ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮಗಳು ಏಳನೇ ಕ್ಲಾಸ್ ಮುಗಿಸುತ್ತಿದ್ದಾಳೆ, ನಿಮ್ಮೂರ ಶಾಲೆ ಅಲ್ಲಿಗೇ ಮುಗಿಯುತ್ತದೆ. ಎಂಟಕ್ಕೆ ಹತ್ತಿರದ ಸರ್ಕಾರಿ ಹೈಸ್ಕೂಲಾ, ಪೇಟೆಯ ಇಂಗ್ಲಿಷ್ ಮೀಡಿಯಮ್ಮಾ? ಪೇಟೆಗೇ ಕಳಿಸು ಅಂತ ನಿಮ್ಮಣ್ಣ ಹಟ ಹಿಡಿದಿದ್ದಾರೆ, ಅಲ್ವಾ?

ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಗಣಿತ, ವಿಜ್ಞಾನಕ್ಕೆ ಕಾಯಂ ಮೇಷ್ಟ್ರು ಇದ್ದು, ಮಳೆಗಾಲದಲ್ಲೂ ಮಗು ಕ್ಷೇಮವಾಗಿ ಹೋಗಿಬರುವ ದಾರಿ ಇದ್ದರೆ ಹತ್ತಿರದ ಸರ್ಕಾರಿ ಹೈಸ್ಕೂಲೇ ಸರಿ. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಬೇರೆ ಕಡೆ ನೋಡು. ಗೋಡೆಯ ಬಣ್ಣ, ಗೇಟಿನ ಮೇಲಿನ ರಿಸಲ್ಟ್ ಬ್ಯಾನರ್ ಎಲ್ಲ ಆಮೇಲೆ.

ದಾರಿಯ ಮಾತು ಯಾಕೆ ಮೊದಲು ಎತ್ತಿದೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಡಗಿನ ಸಿದ್ದಾಪುರ, ಮಾಲ್ದಾರೆ ಕಡೆ ಬೆಳಗ್ಗೆ ಆನೆ ಯಾವ ತೋಟದಲ್ಲಿದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ನೋಡಿಯೇ ಮಕ್ಕಳನ್ನು ಹೊರಗೆ ಕಳಿಸುತ್ತೀರಿ. ಈಗ ಮಾರ್ಚ್‌ನಲ್ಲಿ ನೀನು ನೋಡುವ ದಾರಿ ಜುಲೈನಲ್ಲಿ ಹಾಗೇ ಇರುವುದಿಲ್ಲ. ಬಸ್ ಪಾಸ್ ಸಿಗುತ್ತದೆ, ಸರಿ. ಆದರೆ ಹತ್ತನೇ ಕ್ಲಾಸಿನಲ್ಲಿ ಸಂಜೆ ಸ್ಪೆಷಲ್ ಕ್ಲಾಸ್ ಮುಗಿದ ಮೇಲೆ ಯಾವ ಬಸ್ ಇದೆ? ಮುಖ್ಯರಸ್ತೆಯಿಂದ ಮನೆವರೆಗೆ ಯಾರ ಜೊತೆ ನಡೆದು ಬರುತ್ತಾಳೆ? ಅದೇ ದಾರಿಯಲ್ಲಿ ಹೋಗುವ ಇನ್ನೂ ನಾಲ್ಕು ಮಕ್ಕಳಿದ್ದರೆ ಅರ್ಧ ಚಿಂತೆ ಕಡಿಮೆ. ಮಳೆ ಜಾಸ್ತಿಯಾಗಿ ಡಿಸಿ ರಜೆ ಕೊಟ್ಟರೆ, ಆ ಪಾಠವನ್ನು ಆಮೇಲೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ತುಂಬಿಸಿಕೊಡಬೇಕು. ಆ ದಿನಗಳಲ್ಲೂ ಅವಳು ಹೋಗಿಬರುವ ಹಾಗಿರಬೇಕು.

ಶಾಲೆಯ ಚಾವಣಿಯನ್ನೂ ತಲೆಯೆತ್ತಿ ನೋಡು. ಕಳೆದ ಜುಲೈನಲ್ಲಿ ನನ್ನ ಮಗನ ಶಾಲೆಗೆ ಹೋಗಿದ್ದೆ. ಶೀಟಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಮೇಡಂ ಮಾತು ಎರಡನೇ ಬೆಂಚಿಗೂ ಕೇಳುತ್ತಿರಲಿಲ್ಲ. ಅವರು ಮಾತು ನಿಲ್ಲಿಸಿ ಇಡೀ ಪಾಠವನ್ನು ಬೋರ್ಡಿನ ಮೇಲೆ ಬರೆದರು. ಮಳೆ ಸ್ವಲ್ಪ ಬಿಟ್ಟಾಗ ಬೆಂಚಿನ ಮಧ್ಯೆ ಓಡಾಡುತ್ತಾ ಒಬ್ಬೊಬ್ಬರನ್ನೇ ಕೇಳಿದರು. ಅಂಥವರು ಇರುವ ಕಡೆ ನಾನು ಕಣ್ಣು ಮುಚ್ಚಿ ಮಗುವನ್ನು ಬಿಡುತ್ತೇನೆ.

ಮೇಷ್ಟ್ರ ವಿಷಯವನ್ನು ಹೆಡ್‌ಮಾಸ್ಟರ್ ಹತ್ತಿರ ನೇರವಾಗಿ ಕೇಳು, ಸಂಕೋಚ ಬೇಡ. ಯಾವ ಹುದ್ದೆ ಖಾಲಿ ಇದೆ, ಯಾವುದಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ? ಅತಿಥಿ ಶಿಕ್ಷಕರಲ್ಲಿ ಬಹಳ ಚೆನ್ನಾಗಿ ಪಾಠ ಮಾಡುವವರಿದ್ದಾರೆ. ಆದರೆ ಪ್ರತಿ ವರ್ಷ ಹೊಸದಾಗಿ ನೇಮಕ ಆಗಬೇಕು, ಅವರು ಬರುವವರೆಗೆ ಮಕ್ಕಳು ಸುಮ್ನೆ ಕೂರಬೇಕು. ಇನ್ನೊಂದು ಕೆಲಸ ಮಾಡು. ಒಂಬತ್ತನೇ ಕ್ಲಾಸಿನ ಯಾವುದಾದರೂ ಮಗುವಿನ ಗಣಿತದ ನೋಟ್‌ಬುಕ್ ಕೇಳಿ ನೋಡು. ತಪ್ಪು ಲೆಕ್ಕದ ಪಕ್ಕ ಬರೀ ಕೆಂಪು ಗೀಟು ಇದೆಯಾ, ಇಲ್ಲ ಎಲ್ಲಿ ತಪ್ಪಿತು ಅಂತ ಬರೆದಿದ್ದಾರಾ? ಬ್ಯಾನರ್ ಹೇಳದ್ದನ್ನು ಆ ಪುಸ್ತಕ ಹೇಳುತ್ತದೆ.

ಮೀಡಿಯಂ ಬದಲಿಸುವ ಮುಂಚೆ ಒಂದು ಲೆಕ್ಕ ತಿಳಿದಿರಲಿ. ಪಿಯು ಆದ ಮೇಲೆ ವೃತ್ತಿಪರ ಕೋರ್ಸ್‌ಗಳ ಸೀಟಿಗೆ ಬರೆಯುವ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಇದೆ. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಪೂರ್ತಿ ಹಾಗೇ ಓದಿರಬೇಕು. ಪೊನ್ನಂಪೇಟೆಯ ಅರಣ್ಯ ಕಾಲೇಜಿಗೂ ಸಿಇಟಿಯಿಂದಲೇ ಸೀಟು. ಏಳು ವರ್ಷ ಹಳ್ಳಿಯಲ್ಲಿ ಕನ್ನಡದಲ್ಲಿ ಓದಿದವಳನ್ನು ಕೊನೆಯ ಮೂರು ವರ್ಷಕ್ಕೆ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಎರಡೂ ಕೈತಪ್ಪಬಹುದು. ನಿಮ್ಮಣ್ಣನಿಗೆ ಇದನ್ನು ಹೇಳು. ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆಯೂ ಇದೆ, ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಆಯ್ಕೆಯಾದರೆ ಒಂಬತ್ತರಿಂದ ಸೆಕೆಂಡ್ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ಆ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುತ್ತಾರಾ ಅಂತ ಶಾಲೆಯಲ್ಲಿ ಕೇಳು.

ಇಂಗ್ಲಿಷ್ ಬಗ್ಗೆ ನಿನ್ನ ಆತಂಕ ಸುಳ್ಳಲ್ಲ. ಅದಕ್ಕೆ ಇಂಗ್ಲಿಷ್ ಚೆನ್ನಾಗಿ ಕಲಿಸುವ ಟೀಚರ್ ಬೇಕು. ಎಲ್ಲ ವಿಷಯವನ್ನೂ ಒಮ್ಮೆಲೇ ಇಂಗ್ಲಿಷಿನಲ್ಲಿ ಓದಲು ಕೂರಿಸಿದರೆ, ಈಗ ಖುಷಿಯಾಗಿ ಮಾಡುವ ವಿಜ್ಞಾನವೂ ಬರೀ ಬಾಯಿಪಾಠ ಆಗುತ್ತದೆ.

ಹಾಸ್ಟೆಲ್ ಬೇಕೇ ಬೇಕು ಅಂದರೆ ಗಾಳಿಬೀಡಿನ ನವೋದಯ ವಸತಿ ಶಾಲೆಗೆ ಒಂಬತ್ತನೇ ಕ್ಲಾಸಿಗೂ ಪ್ರವೇಶ ಪರೀಕ್ಷೆ ಇರುತ್ತದೆ. ಖಾಲಿ ಸೀಟು ಕಡಿಮೆ, ಆದರೂ ಬರೆಯಲಿ.

ಇಷ್ಟು ಮಾತಿನ ಮಧ್ಯೆ ಅವಳು ಏನಂದಳು ಅಂತ ನೀನು ಹೇಳಲೇ ಇಲ್ಲ. ಹಾಕಿ ಸ್ಟಿಕ್ ಪಕ್ಕದಲ್ಲಿಟ್ಟುಕೊಂಡು ಮಲಗುವ ಹುಡುಗಿ ಅದು. ಮೈದಾನ ಇದೆಯಾ, ಪಿಟಿ ಮೇಷ್ಟ್ರು ಹುಡುಗಿಯರನ್ನೂ ಆಡಿಸುತ್ತಾರಾ ಅನ್ನುವುದು ಅವಳಿಗೆ ಗಣಿತದಷ್ಟೇ ದೊಡ್ಡ ವಿಷಯ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತದಾ ಅಂತ ನೀನು ಕೇಳುವುದಕ್ಕಿಂತ ಅವಳಮ್ಮನೇ ಒಳಗೆ ಹೋಗಿ ನೋಡಿ ಬರಲಿ.

ಶನಿವಾರ ಬೆಳಗ್ಗೆ ಮೂವರೂ ಬನ್ನಿ. ನಾನೂ ರಜೆ ಹಾಕುತ್ತೇನೆ. ಶಾಲೆ ಬಿಡುವ ಮೊದಲೇ ಹೋಗಿ ಹೆಡ್‌ಮಾಸ್ಟರನ್ನು ಮಾತಾಡಿಸೋಣ. ಅವಳ ಟಿಸಿ ತೆಗೆಯಲು ಈಗಲೇ ಓಡಬೇಡ, ನೋಡಿ ಬಂದ ಮೇಲೆ ಕೇಳಿದರಾಯಿತು.

ಇಂತಿ ನಿನ್ನ,
ಹಳೇ ಬೆಂಚಿನ ಗೆಳೆಯ