ನನ್ನ ಮೊಣಕಾಲನ್ನು 118ಕ್ಕೆ ತಂದವರಿಗೆ

ನಿನ್ನೆ ಓಣಿಯ ಹೆಂಗಸರ ಜೊತೆ ಮಣೆಯ ಮೇಲೆ ಕೂತು ಗವಿಮಠದ ಜಾತ್ರೆಗೆ ಜೋಳದ ರೊಟ್ಟಿ ತಟ್ಟಿದೆ. ಮೂವತ್ತೋ ಮೂವತ್ತೆರಡೋ ಆದವು. ಏಳುವಾಗ ಗೋಡೆ ಹಿಡಿಯಲಿಲ್ಲ. ಯುಗಾದಿಯ ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆಯುತ್ತಾ ಜಾರಿ, ಮೊಣಕಾಲೂರಿ ಕಟ್ಟೆಯ ಅಂಚಿಗೆ ಬಿದ್ದವಳಿಗೆ ಇದು ಸಣ್ಣ ಮಾತಲ್ಲ. ಎದುರಿಗೆ ಸಿಕ್ಕಾಗ ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾ 19 ವರ್ಷವಾಯಿತು. ದೊಡ್ಡವರ ದೇಹದಲ್ಲಿ 206 ಮೂಳೆ, ಅದರಲ್ಲಿ 106 ಬರೀ ಕೈ ಪಾದಗಳಲ್ಲೇ, ಮೊಣಕಾಲಿನದು ಬಿಜಾಗರಿ ಕೀಲು ಎಂದು ಬೋರ್ಡಿಗೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು ನಾನು. ಮೊಣಕಾಲಿನ ಚಿಪ್ಪು ಯಾಕಿದೆ ಎಂದು ಯಾವ ಮಗುವೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಅದನ್ನು ಹೇಳಿಕೊಟ್ಟವರು ಡಾಕ್ಟರ್ ಸಾಹೇಬರು. ಬಿದ್ದ ದಿನ 'ಕಾಲು ನೆಟ್ಟಗೆ ಮ್ಯಾಲೆತ್ರಿ' ಅಂದರು. ಹಿಮ್ಮಡಿ ಹಾಸಿಗೆ ಬಿಟ್ಟು ಮೇಲೇಳಲಿಲ್ಲ. ಎಕ್ಸ್‌ರೇ ಬರುವ ಮೊದಲೇ ಅವರಿಗೆ ಗೊತ್ತಾಗಿತ್ತು. ತೊಡೆಯ ಮುಂದಿನ ಸ್ನಾಯು ಚಿಪ್ಪಿನ ಮೂಲಕವೇ ಕಣಕಾಲಿನ ಎಲುಬನ್ನು ಎಳೆಯುತ್ತದಂತೆ. ಚಿಪ್ಪು ಬಾವಿಯ ರಾಟಿಯ ಹಾಗೆ, ಹಗ್ಗವನ್ನು ಸ್ವಲ್ಪ ಮುಂದಕ್ಕೆ ಹಿಡಿದು ಎಳೆತವನ್ನು ಹಗುರ ಮಾಡುತ್ತದೆ. ನನ್ನದು ಅಡ್ಡಡ್ಡ ಎರಡು ತುಂಡಾಗಿತ್ತು. ಮೇಲಿನ ತುಂಡನ್ನು ತೊಡೆಯ ಸ್ನಾಯು ಮೇಲಕ್ಕೆ ಎಳೆದುಕೊಂಡಿತ್ತು. ಮನೆಯಲ್ಲಿ ಎಲುಬು ಕಟ್ಟುವವರ ಹತ್ತಿರ ಹೋಗೋಣ ಎಂದವರೇ ಹೆಚ್ಚು. ಅವರ ಅಕ್ಕರೆಯ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಒಳಗೆ ಸ್ನಾಯು ಎಳೆಯುತ್ತಲೇ ಇರುವಾಗ ಹೊರಗಿನಿಂದ ಎಷ್ಟು ಬಿಗಿದು ಕಟ್ಟಿದರೂ ಆ ಸಂದು ಮುಚ್ಚುವುದು ಹೇಗೆ? ಸಾಹೇಬರು ಎರಡು ಸರಳು ತೂರಿಸಿ, ಮೇಲೆ 8ರ ಆಕಾರದಲ್ಲಿ ತಂತಿ ಸುತ್ತಿದರು. ಕಾಲು ಮಡಚಿದರೆ ಆ ತಂತಿಯೇ ತುಂಡುಗಳನ್ನು ಒಂದಕ್ಕೊಂದು ಒತ್ತುತ್ತದೆ ಎಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ.

ವಾರ್ಡಿನಲ್ಲಿ ರಾತ್ರಿ ಮೂರು ಗಂಟೆಗೂ ಮುಖ ಸಿಂಡರಿಸದೆ ಬೆಡ್‌ಪ್ಯಾನ್ ಇಟ್ಟ ಅಕ್ಕಾ, ನಿಮ್ಮ ಹೆಸರು ಕೇಳಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎರಡೂವರೆ ತಿಂಗಳಿಗೆ ಎಲುಬು ಕೂಡಿದೆ ಎಂದರು. ಮನೆಯಲ್ಲಿ ಹೋಳಿಗೆ ಮಾಡಿದರು. ನಿಜವಾದ ಕಷ್ಟ ಶುರುವಾಗಿದ್ದು ಆಮೇಲೆ. ತಂತಿ ಕಿತ್ತೀತೆಂಬ ಹೆದರಿಕೆಗೆ ನಾನು ಅಷ್ಟು ದಿನ ಕಾಲು ಮಡಚಿರಲೇ ಇಲ್ಲ. ಮನೆಗೆ ಬಂದ ಫಿಸಿಯೋ ತಂಗಿ ಕಾಲು ಎಷ್ಟು ಮಡಚುತ್ತದೆ ಎಂದು ಅಳತೆ ಮಾಡಿ 35 ಡಿಗ್ರಿ ಎಂದು ಬರೆದುಕೊಂಡಳು. ಕುರ್ಚಿಯಲ್ಲಿ ಸರಿಯಾಗಿ ಕೂರಲು 90 ಬೇಕು. ತೊಡೆಯೂ ಬಡವಾಗಿತ್ತು.

'ಟೀಚರ್, ಎಲುಬು ತಾನಾಗೇ ಕೂಡ್ತೈತ್ರಿ. ಕೀಲು ಹಂಗಲ್ಲ, ಅದನ್ನ ಆಡಿಸಾಕ ಮಂದಿ ಬೇಕು' ಎಂದಳು. ಎಲುಬಿನ ತುದಿಗೆ ಹೊದಿಸಿದ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಅದಕ್ಕೆ ಊಟ ಸಿಗುವುದು ಹೆಚ್ಚಾಗಿ ಕೀಲಿನೊಳಗಿನ ದ್ರವದಿಂದ. ಒತ್ತಿದಾಗ ಹಿಂಡಿ, ಬಿಟ್ಟಾಗ ಹೀರಿಕೊಳ್ಳುವ ಸ್ಪಂಜಿನ ಹಾಗೆ. ಆಡದ ಕೀಲು ಉಪವಾಸ ಬೀಳುತ್ತದೆ. ಇದನ್ನೂ ನಾನು ಯಾವ ಕ್ಲಾಸಿಗೂ ಹೇಳಿರಲಿಲ್ಲ.

ಮಂದಿ ಬಂದರು. ಬಿಸಿನೀರಿನ ಬಟ್ಟೆ ಇಡುತ್ತಾ ಅತ್ತೆಯವರು 'ಅಳೂದಾದ್ರ ಅಳು, ಕಾಲು ಮಾತ್ರ ಮಡಚು' ಎಂದು ದಿನಾ ಎರಡು ಹೊತ್ತು ಗದರಿದರು. ನನ್ನ ಪಿರಿಯಡ್‌ಗಳನ್ನೆಲ್ಲ ಹಂಚಿಕೊಂಡ ಸಹೋದ್ಯೋಗಿಗಳು ಒಂದು ದಿನವೂ ಲೆಕ್ಕ ತೋರಿಸಲಿಲ್ಲ. ಇನ್ನು ಹತ್ತನೇ ಕ್ಲಾಸಿನ ಮಕ್ಕಳು! ಬೋರ್ಡಿನ ಮೇಲೆ ಬಳಸುವ ದೊಡ್ಡ ಮರದ ಕೋನಮಾಪಕವನ್ನೇ ಹೊತ್ತುಕೊಂಡು ಬಂದರು. ಮೊದಲ ದಿನ ಒಬ್ಬ 'ಟೀಚರ್, 145!' ಎಂದು ಕುಣಿದ. ತೊಡೆಗೂ ಕಣಕಾಲಿಗೂ ನಡುವಿನ ಕೋನ ಓದಿದ್ದ. ಫಿಸಿಯೋ ಬರೆಯುವುದು ನೆಟ್ಟಗಿದ್ದ ಕಾಲು ಎಷ್ಟು ಬಾಗಿತು ಎಂಬುದನ್ನು. 145ನ್ನು 180ರಲ್ಲಿ ಕಳೆ ಎಂದೆ. ಉತ್ತರ ಬಂದಾಗ ಪಾಪ, ಅವನ ಮುಖ ಸಪ್ಪಗಾಯಿತು. ಅಂದಿನಿಂದ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅಳತೆ. 52. 70. ಮೂರು ವಾರ ಅದೇ 70. ಆಗ ನಾನು ಕೋನಮಾಪಕ ಒಯ್ಯಿರಿ ಎಂದು ರೇಗಿದ್ದುಂಟು. ಅವರು ಒಯ್ಯಲಿಲ್ಲ, ಬಾಗಿಲ ಹಿಂದೆ ಬಚ್ಚಿಟ್ಟು ಹೋದರು. ದಸರೆಗೆ 96.

ಮಣೆಯ ಮೇಲೆ ಕೂತು ರೊಟ್ಟಿ ತಟ್ಟಬೇಕೆಂಬ ಹಟ ನನ್ನದು. ನಿಂತು ತಟ್ಟಲು ಗ್ಯಾಸ್ ಕಟ್ಟೆ ಇದೆಯಲ್ಲ ಎಂದು ಫಿಸಿಯೋ ತಂಗಿ ನಕ್ಕಳು. ಆದರೂ ಅದಕ್ಕೆ ಬೇಕಾದ ವ್ಯಾಯಾಮವನ್ನೇ ಕಲಿಸಿದಳು. ನಿನ್ನೆ ಟ್ರ್ಯಾಕ್ಟರಿಗೆ ರೊಟ್ಟಿಯ ಗಂಟು ಏರಿಸುವಾಗ ಅವಳಿಗೊಂದು ಫೋಟೋ ಕಳಿಸಿದೆ. 'ಯಾಕ್ರಿ ಟೀಚರ್, ಎಡಗಾಲು ಇನ್ನೂ ಹೊರಗ ಚಾಚೀರಿ' ಎಂದು ಉತ್ತರ ಬಂತು.

ಮಕ್ಕಳೇ, ಕೋನಮಾಪಕವನ್ನು ಜಾತ್ರೆಯ ರಜೆ ಮುಗಿದ ಮೇಲೆ ತರುತ್ತೇನೆ. 118ರ ಹತ್ತಿರ ನೀವು ಎಳೆದ ಪೆನ್ಸಿಲ್ ಗೆರೆ ಹಾಗೇ ಇದೆ, ನಾನು ಅಳಿಸಿಲ್ಲ. ಗಣಿತದ ಸರ್ ಕೇಳಿದರೆ ನನ್ನ ಹೆಸರು ಹೇಳಿ.