ಹರ್ಮಿಸ್ ಟ್ರಿಸ್ಮೆಜಿಸ್ಟಸ್ ಬಗ್ಗೆ ಬರೆಯುತ್ತಿರುವ ಮಿತ್ರರಿಗೆ

ಪ್ರಿಯ ಮಿತ್ರರೇ,

ನಿಮ್ಮ ಲೇಖನದ ಕರಡನ್ನು ಓದಿದೆ. ಪ್ರಾಚೀನ ಜ್ಞಾನಗ್ರಂಥಗಳ ಕರ್ತೃವೆಂದು ಹೆಸರಾದ ಋಷಿ ಹರ್ಮಿಸ್ ಟ್ರಿಸ್ಮೆಜಿಸ್ಟಸ್ ನಿಜವಾಗಿ ಬದುಕಿದ್ದನೇ ಎಂಬ ವಿಚಾರಣೆಗೇ ಅದರ ಅರ್ಧಭಾಗ ಖರ್ಚಾಗಿದೆ. ಅಷ್ಟು ಬೇಕಿಲ್ಲ. ಗ್ರೀಕ್ ಮೂಲದ ಟಾಲೆಮಿ ಅರಸರು ಈಜಿಪ್ಟನ್ನು ಆಳುತ್ತಿದ್ದಾಗ, ಲಿಪಿಗೂ ಲೆಕ್ಕಕ್ಕೂ ಅಧಿದೇವತೆಯಾದ ಥೋತನಲ್ಲಿ ಗ್ರೀಕರು ತಮ್ಮ ದೇವರು ಹರ್ಮಿಸನನ್ನು ಕಂಡರು, ಥೋತನ ಕ್ಷೇತ್ರವನ್ನು ಹರ್ಮೊಪೊಲಿಸ್ ಎಂದು ಕರೆದರು, ಕ್ರಿ.ಪೂ. 196ರ ರೊಸೆಟ್ಟಾ ಶಾಸನದ ಗ್ರೀಕ್ ಪಾಠದಲ್ಲಿ ಎರಡು ಬಾರಿ ‘ಮಹಾನ್’ ಎನಿಸಿಕೊಂಡವನು ಮುಂದೆ ತ್ರಿವಾರ ಮಹಾನ್, ಅಂದರೆ ‘ಟ್ರಿಸ್ಮೆಜಿಸ್ಟಸ್’ ಆದ, ದೇವರಾಗಿದ್ದವನು ಋಷಿಯೂ ಆದ. ಇಷ್ಟು ಹೇಳಿ ಮುಂದುವರಿಯಿರಿ.

ನೀವು ತಂಗಬೇಕಾದದ್ದು ಅವನ ಹೆಸರಿನಲ್ಲಿ ಬರೆದವರ ಬಳಿ. ಕ್ರಿಸ್ತಶಕದ ಮೊದಲ ಮೂರು ಶತಮಾನಗಳಲ್ಲಿ, ರೋಮನ್ನರ ಆಳ್ವಿಕೆಗೆ ಒಳಪಟ್ಟಿದ್ದ ಈಜಿಪ್ಟಿನಲ್ಲಿ, ಅನಾಮಿಕರಾಗಿ ಉಳಿದ ಅನೇಕರು ದೇವರು, ಮನಸ್ಸು, ಮರುಹುಟ್ಟುಗಳ ಕುರಿತ ತಮ್ಮ ಚಿಂತನೆಯನ್ನು ಗ್ರೀಕಿನಲ್ಲಿ ಬರೆದು ಅವನಿಗೆ ಅರ್ಪಿಸಿದರು. ಅವುಗಳಲ್ಲಿ ‘ಅಸ್ಕ್ಲೇಪಿಯಸ್’ ಎಂಬ ಸಂವಾದವನ್ನು ದಯವಿಟ್ಟು ನಿಧಾನವಾಗಿ ಓದಿ. ಈಜಿಪ್ಟ್ ಸ್ವರ್ಗದ ಪ್ರತಿರೂಪವೆಂದು ಶಿಷ್ಯನಿಗೆ ತಿಳಿಸುವ ಗುರು ಹರ್ಮಿಸ್, ದೇವತೆಗಳು ಈ ನೆಲವನ್ನು ತೊರೆದು ಹೋಗುವ, ಗುಡಿಗಳ ನಾಡೆಲ್ಲ ಗೋರಿಗಳಿಂದ ತುಂಬುವ, ಇಲ್ಲಿನ ಭಕ್ತಿಗೆ ಕಲ್ಲಿನಲ್ಲಿ ಕೆತ್ತಿದ ಮಾತುಗಳಷ್ಟೇ ಸಾಕ್ಷಿಯಾಗಿ ಉಳಿಯುವ ದಿನವನ್ನು ಅಲ್ಲಿ ಮುನ್ನುಡಿಯುತ್ತಾನೆ. ತನ್ನ ಧರ್ಮ ಅಳಿಯುತ್ತದೆಂದು ಅರಿತವನ ಈ ಶೋಕಕ್ಕೆ ನಿಮ್ಮ ಕರಡಿನಲ್ಲಿ ಒಂದು ವಾಕ್ಯವೂ ಸಿಕ್ಕಿಲ್ಲವೆಂಬುದು ನನಗೆ ನೋವು ತಂದಿತು.

ಫ್ಲಾರೆನ್ಸಿನ ಸಿರಿವಂತ ಮುಖಂಡ ಕೊಸಿಮೊ ದೆ ಮೆಡಿಚಿ ಪ್ಲೇಟೋವನ್ನು ಬದಿಗಿರಿಸಿ ಮೊದಲು ಈ ಗ್ರಂಥಗಳನ್ನು ಲ್ಯಾಟಿನ್ನಿಗೆ ತರುವಂತೆ ವಿದ್ವಾಂಸ ಫಿಚಿನೊನಿಗೆ ಹೇಳಿದ್ದು, 1463ರಲ್ಲಿ ಆ ಕೆಲಸ ಮುಗಿದದ್ದು, ಇವನ್ನು ಬಹು ಪ್ರಾಚೀನವೆಂದು ವಿದ್ವಾಂಸರು ನಂಬಿದ್ದು ಎಲ್ಲವನ್ನೂ ಚೆನ್ನಾಗಿ ಬರೆದಿದ್ದೀರಿ. ಆದರೆ 1614ರಲ್ಲಿ ಗ್ರೀಕ್ ವಿದ್ವಾಂಸ ಐಸಾಕ್ ಕಸೊಬಾನ್ ಭಾಷೆಯ ಆಧಾರದಿಂದ ಇವು ಕ್ರಿಸ್ತನ ನಂತರದವೆಂದು ತೋರಿಸಿದ್ದನ್ನು ‘ವಂಚನೆ ಬಯಲಾಯಿತು’ ಎಂದಿರುವುದನ್ನು ನಾನು ಒಪ್ಪಲಾರೆ. ಪೂರ್ವಿಕರು ತಮ್ಮ ಬರಹಗಳಿಗೆಲ್ಲ ಹರ್ಮಿಸನ ಹೆಸರನ್ನೇ ಇಡುತ್ತಿದ್ದರೆಂದು ಪ್ರಾಚೀನ ತತ್ವಜ್ಞಾನಿ ಇಯಾಂಬ್ಲಿಕಸ್ ಬಹಳ ಹಿಂದೆಯೇ ಬರೆದಿದ್ದಾನೆ. ಜ್ಞಾನವೆಲ್ಲ ಥೋತನಿಂದಲೇ ಬಂದದ್ದೆಂದು ನಂಬಿದವನು ಕೃತಿಯ ಮೇಲೆ ಸ್ವಂತ ಹೆಸರನ್ನು ಏಕೆ ಬರೆದುಕೊಂಡಾನು?

ನೀವು ಉದ್ಧರಿಸಿರುವ ‘ಏಳು ತತ್ವಗಳು’ 1908ರಲ್ಲಿ ಚಿಕಾಗೋದಲ್ಲಿ ಪ್ರಕಟವಾದ ‘ಕಿಬಾಲಿಯನ್’ ಪುಸ್ತಕದವು, ಅವನ್ನು ತೆಗೆದುಬಿಡಿ. ‘ಅಸ್ಕ್ಲೇಪಿಯಸ್’ನ ಗ್ರೀಕ್ ಮೂಲ ಬಹುಪಾಲು ನಷ್ಟವಾಗಿದೆ, ಪೂರ್ಣವಾಗಿ ಉಳಿದಿರುವುದು ಲ್ಯಾಟಿನ್ ಪಾಠ. ಆ ಶೋಕದ ಭಾಗದ ಕಾಪ್ಟಿಕ್ (ಪ್ರಾಚೀನ ಈಜಿಪ್ಟಿನ ಭಾಷೆಯ ಕೊನೆಯ ರೂಪ) ಪಾಠ 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ದೊರೆತ ಹಸ್ತಪ್ರತಿಗಳಲ್ಲಿದೆ. ಎರಡರ ಅನುವಾದಗಳನ್ನೂ ಎದುರುಬದುರು ಇಟ್ಟು ಓದಿದ ಮೇಲೆಯೇ ಎರಡನೆಯ ಕರಡಿಗೆ ಕೈಹಾಕಿ.

ನಿಮ್ಮ ಹಿತೈಷಿ