ಶನಿವಾರ ಹಲ್ಲು ಕೀಳಿಸುವ ಮುಂಚೆ

ಗದಗ
ಬುಧವಾರ ರಾತ್ರಿ

ಅವ್ವೀ,

ನೀನು ಫೋನ್ ಇಟ್ಟ ಮೇಲೆ ನಿಮ್ಮಪ್ಪ, "ಸಣ್ಣವಳಲ್ಲ ಆಕೆ, ಸುಮ್ನೆ ಬಿಡು" ಅಂದರು. ಬಿಡೋಕೆ ನನ್ನಿಂದ ಆಗುತ್ತಿಲ್ಲ. ನನ್ನ ದನಿ ಸ್ವಲ್ಪ ಏರಿತು, ಇರಲಿ. ಆದರೆ "ಒಂದೇ ಹಲ್ಲು ಅಲ್ವಾ, ಹೋದರೆ ಹೋಗಲಿ" ಅಂದೆಯಲ್ಲ, ಅದೇ ಮಾತನ್ನು ಅದೇ ರಾಗದಲ್ಲಿ ನಿಮ್ಮಜ್ಜಿ ಹೇಳುತ್ತಿದ್ದರು.

ನಿನಗೆ ನೆನಪಿರುವುದು ಹಾಲಲ್ಲಿ ರೊಟ್ಟಿ ನೆನೆಸಿ ತಿನ್ನುವ ಅಜ್ಜಿ. ನಾನು ಈ ಮನೆಗೆ ಬಂದಾಗ ಅವರು ಖಡಕ್ ರೊಟ್ಟಿ ಅಗಿಯುವ ಸದ್ದು ಪಡಸಾಲೆಗೆ ಕೇಳುತ್ತಿತ್ತು. ಜೊತೆಗೆ ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು. ಮೊದಲು ಹೋಗಿದ್ದು ಎಡಗಡೆ ಕೆಳಗಿನ ದವಡೆ ಹಲ್ಲು. ಪಕ್ಕದ್ದು ಆ ಸಂದಿಗೆ ವಾಲಿತು. ಮೇಲಿನದಕ್ಕೆ ಎದುರು ಹಲ್ಲೇ ಇಲ್ಲ, ಅದು ಕೆಳಗೆ ಇಳಿಯಿತು. ಸಂದಿಯಲ್ಲಿ ಅನ್ನ ಸಿಕ್ಕಿ ಅವೂ ಹುಳುಕಾದವು. ಆಮೇಲೆ ಉಳ್ಳಾಗಡ್ಡಿ ಬಿಟ್ಟರು, ಗಜ್ಜರಿ ಬಿಟ್ಟರು. ಚುರುಮುರಿಯಲ್ಲಿದ್ದ ಶೇಂಗಾ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು, ನೀನು ಬಂದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಕೊನೆಕೊನೆಗೆ ಅಗಿಯೋದೇ ಇಲ್ಲ, ನುಂಗೋದಷ್ಟೇ. ರಾತ್ರಿ ಹೊಟ್ಟೆ ಉಬ್ಬರ ಅಂತ ಎದ್ದು ಕೂಡುತ್ತಿದ್ದರು. ಬೀಗರ ಮನೆ ಊಟಕ್ಕೂ ಬರುತ್ತಿರಲಿಲ್ಲ. ಎಲ್ಲರ ಎದುರು ರೊಟ್ಟಿ ನೆನೆಹಾಕೋಕೆ ನಾಚಿಕೆ. ಆ ಮನುಷ್ಯಳಿಗೆ ನಾಚಿಕೆ ಅನ್ನೋದೇ ಗೊತ್ತಿರಲಿಲ್ಲ ಮುಂಚೆ! ಎಲ್ಲ ಶುರುವಾಗಿದ್ದು ಒಂದೇ ಹಲ್ಲಿನಿಂದ.

ಡಾಕ್ಟರು ರೂಟ್ ಕೆನಾಲ್ ಮಾಡಿದರೆ ಉಳಿಯುತ್ತದೆ ಅಂದಿದ್ದಾರೆ. ನೀನು ರಜೆ ಇಲ್ಲ ಅನ್ನುತ್ತೀ. ನಿನ್ನ ಆ ದವಡೆ ಹಲ್ಲು ಆರನೇ ವರ್ಷಕ್ಕೆ ಹುಟ್ಟಿದ್ದು. ಅಲ್ಲಿ ಹಾಲುಹಲ್ಲು ಇರಲೇ ಇಲ್ಲ, ನೇರವಾಗಿ ಶಾಶ್ವತ ಹಲ್ಲೇ ಬಂತು. ಹೋದರೆ ಇನ್ನೊಂದು ಬರೋದಿಲ್ಲ.

ಕ್ಲಾಸ್ ಶುರುಮಾಡಿದಳು ಅಂತೀಯಾ. ಅನ್ನು. ಹೊಟ್ಟೆಯೊಳಗೆ ಹಲ್ಲಿಲ್ಲ ಕಣೇ. ತುತ್ತು ಸಣ್ಣಗಾದಷ್ಟೂ ಒಳಗಿನ ರಸಗಳು ಅದಕ್ಕೆ ಚೆನ್ನಾಗಿ ಹತ್ತುತ್ತವೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ಅದರಲ್ಲಿರುವ ಅಮೈಲೇಸ್ ಅನ್ನೋ ಕಿಣ್ವ ಪಿಷ್ಟವನ್ನು ಬಾಯಲ್ಲೇ ಸಕ್ಕರೆಯಾಗಿ ಒಡೆಯೋಕೆ ಶುರುಮಾಡುತ್ತದೆ. ಬರೀ ರೊಟ್ಟಿ ಬಹಳ ಹೊತ್ತು ಅಗಿದರೆ ಸಿಹಿ ಹತ್ತುವುದು ಅದಕ್ಕೇ. ಶಾಲೆಯಲ್ಲಿ ಮಕ್ಕಳಿಗೆ ಅನ್ನದ ಮೇಲೆ ಅಯೋಡಿನ್ ಹನಿ ಹಾಕಿ ತೋರಿಸುತ್ತೇನೆ, ಕಡುನೀಲಿ ಆಗುತ್ತದೆ. ಚೆನ್ನಾಗಿ ಅಗಿದು ಉಗುಳಿದ ಅನ್ನಕ್ಕೆ ಹಾಕಿದರೆ ಅಷ್ಟು ನೀಲಿ ಬರೋದಿಲ್ಲ. "ಛೀ ಟೀಚರ್" ಅಂತ ಕಿರುಚುತ್ತಾರೆ, ಆದರೆ ಮರೆಯೋದಿಲ್ಲ.

ಜೊಲ್ಲು ಹಲ್ಲನ್ನೂ ಕಾಯುತ್ತದೆ. ಸಕ್ಕರೆ ತಾಗಿದಾಗಲೆಲ್ಲ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಅದನ್ನು ತೊಳೆದು ಸರಿಮಾಡೋಕೆ ಜೊಲ್ಲಿಗೆ ಅರ್ಧ ಗಂಟೆಯಾದರೂ ಬೇಕು. ನೀನು ಕಂಪ್ಯೂಟರ್ ಮುಂದೆ ಕೂತು ಒಂದು ಕಪ್ ಸಿಹಿ ಕಾಫಿಯನ್ನು ಮಧ್ಯಾಹ್ನದವರೆಗೆ ಗುಟುಕರಿಸಿದರೆ ಅದು ಯಾವಾಗ ತೊಳೆಯಬೇಕು? ಕುಡಿಯೋದಾದರೆ ಒಮ್ಮೆಲೇ ಕುಡಿದು ಮುಗಿಸು. ನಿದ್ದೆಯಲ್ಲಂತೂ ಜೊಲ್ಲು ಊರೋದೇ ಕಡಿಮೆ. ಬ್ರಷ್ ಮಾಡದೆ ಲ್ಯಾಪ್‌ಟಾಪ್ ಪಕ್ಕ ಮಲಗುವವಳಿಗೆ ಹೇಳುತ್ತಿದ್ದೇನೆ.

ಮತ್ತೆ ಜಾಸ್ತಿ ಆಯಿತೇನೋ. ನೀನು ತಮ್ಮನ ಫೀಸು ಕಟ್ಟಿದ್ದನ್ನು ಬಜಾರದಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ, ನಿನಗೆ ಮಾತ್ರ ಏನೂ ಅಂದಿಲ್ಲ. ಆ ಫೀಸಿನಿಂದಲೇ ಕೈ ಖಾಲಿಯಾಗಿ ಹಲ್ಲು ಕೀಳಿಸೋಕೆ ಹೊರಟಿದ್ದೀಯಾ ಅನ್ನೋ ಅನುಮಾನ ನನಗೆ. ಹಾಗಿದ್ದರೆ ರೂಟ್ ಕೆನಾಲ್, ಕ್ಯಾಪ್ ಎರಡರ ಖರ್ಚೂ ನನ್ನದು. ಬೇಡ ಅನ್ನಬೇಡ.

ನಾಳೆ ರಾತ್ರಿ ಬಸ್ಸಿಗೆ ಈ ಪತ್ರದ ಜೊತೆ ಶೇಂಗಾ ಹಿಂಡಿ, ಮೆತ್ತನ ರೊಟ್ಟಿ ಕಳಿಸುತ್ತೇನೆ. ಖಡಕ್ ರೊಟ್ಟಿ ಸದ್ಯಕ್ಕೆ ಇಲ್ಲ. ಆ ಕಡೆ ಅಗಿಯಬೇಡ. ಶನಿವಾರದ ಅಪಾಯಿಂಟ್‌ಮೆಂಟ್ ಹಾಗೇ ಇರಲಿ, ಕೀಳೋದಕ್ಕಲ್ಲ, ರೂಟ್ ಕೆನಾಲ್‌ಗೆ ಅಂತ ಹೇಳು. ಹೇಳೋಕೆ ಆಗದಿದ್ದರೆ ಡಾಕ್ಟರ ನಂಬರ್ ಕಳಿಸು, ನಾನೇ ಮಾತಾಡುತ್ತೇನೆ.

ನಿನ್ನ ಅವ್ವ